ಶಿಷ್ಯನೂ ಹೌದು, ಶ್ರಮಿಕನೂ ಹೌದು: ವಿಶ್ವವಿದ್ಯಾಲಯದ ಕಾರ್ಮಿಕ ಒಪ್ಪಂದ ಮತ್ತು ಧರ್ಮಸಭೆಯ ಸಾಮಾಜಿಕ ಬೋಧನೆ

2018ರ ನವೆಂಬರ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿರುವ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಬೋಧನೆಯಲ್ಲಿಯೂ ಸಂಶೋಧನೆಯಲ್ಲಿಯೂ ತಾವು ಮಾಡುತ್ತಿರುವ ಕೆಲಸದ ಬಗ್ಗೆ ವಿಶ್ವವಿದ್ಯಾಲಯದೊಡನೆ ಮಾತನಾಡಲು ತಮಗೊಂದು ಕಾರ್ಮಿಕ ಸಂಘ ಬೇಕೇ ಎಂಬುದು ಆ ಪ್ರಶ್ನೆ. ಬೇಕು ಎಂದವರು 555, ಬೇಡ ಎಂದವರು 108. ಹದಿನೆಂಟು ತಿಂಗಳ ಬಳಿಕ, 2020ರ ಮೇ ತಿಂಗಳಲ್ಲಿ, ಅವರ ಮೊದಲ ಒಪ್ಪಂದಕ್ಕೆ ಅನುಮೋದನೆ ದೊರೆಯಿತು. ಜಾರ್ಜ್‌ಟೌನ್ 1789ರಲ್ಲಿ ಸ್ಥಾಪನೆಗೊಂಡ, ಯೇಸುಸಭೆಯ ಪರಂಪರೆಗೆ ಸೇರಿದ ಕಥೋಲಿಕ ವಿಶ್ವವಿದ್ಯಾಲಯ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಪರಂಪರೆಗೆ ಸೇರಿದ ಬೇರೆ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಹೀಗೆಯೇ ಮತ ಹಾಕಿದ್ದರು. ಅಲ್ಲಿನ ಆಡಳಿತಗಳು ಮಾತುಕತೆಯ ಮೇಜಿಗೆ ಬರಲು ಒಪ್ಪಲಿಲ್ಲ.

ವಿಶ್ವಾಸ ಒಂದೇ, ಸಾಮಾಜಿಕ ಬೋಧನೆ ಒಂದೇ. ಉತ್ತರಗಳು ಮಾತ್ರ ಎರಡು. ಈ ವ್ಯತ್ಯಾಸ ನಮ್ಮನ್ನು ಯೋಚನೆಗೆ ಹಚ್ಚಬೇಕು. ಇಂದು ಗುರುಮಠದಲ್ಲಿ ಓದುತ್ತಿರುವವರಲ್ಲಿ ಅನೇಕರು ನಾಳೆ ಶಾಲೆ, ಕಾಲೇಜು, ಆಸ್ಪತ್ರೆಗಳ ಆಡಳಿತವನ್ನು ಹೊರಲಿದ್ದಾರೆ. ಸಂಬಳ ಕೊಡುವ ಕೈ ಅವರದಾಗಲಿದೆ. ಆದುದರಿಂದ ದೂರದ ದೇಶದ ಈ ವಿವಾದವು ಏನು, ಅದರ ಮಾತುಕತೆ ಹೇಗೆ ನಡೆಯುತ್ತದೆ, ಅದರಲ್ಲಿ ಅಡಗಿರುವ ದೈವಶಾಸ್ತ್ರದ ಪ್ರಶ್ನೆ ಯಾವುದು ಎಂಬುದನ್ನು ಈ ಲೇಖನದಲ್ಲಿ ನಾವು ಕ್ರಮವಾಗಿ ನೋಡೋಣ.

ಇವರು ಯಾರು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಪದವಿಗಾಗಿ ಓದುವವರು ಸಾಮಾನ್ಯವಾಗಿ ಶುಲ್ಕ ಕಟ್ಟುವುದಿಲ್ಲ. ಅವರ ಶುಲ್ಕವನ್ನು ಮನ್ನಾ ಮಾಡಿ, ಜೀವನಕ್ಕೆಂದು ಒಂದು ಮೊತ್ತವನ್ನು ಸ್ಟೈಪೆಂಡ್ ಎಂಬ ಹೆಸರಿನಲ್ಲಿ ಕೊಡಲಾಗುತ್ತದೆ. ಇದಕ್ಕೆ ಪ್ರತಿಯಾಗಿ ಅವರು ಬೋಧನಾ ಸಹಾಯಕರಾಗಿ ಅಥವಾ ಸಂಶೋಧನಾ ಸಹಾಯಕರಾಗಿ ದುಡಿಯುತ್ತಾರೆ. ಪದವಿ ತರಗತಿಗಳ ಚರ್ಚಾಗೋಷ್ಠಿಗಳನ್ನು ನಡೆಸುವುದು, ಉತ್ತರಪತ್ರಿಕೆಗಳನ್ನು ತಿದ್ದುವುದು, ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕರ ಯೋಜನೆಗಾಗಿ ಕೆಲಸ ಮಾಡುವುದು, ಕೆಲವೊಮ್ಮೆ ಇಡೀ ಪಠ್ಯವಿಷಯವನ್ನು ತಾವೇ ಕಲಿಸುವುದು, ಇವೆಲ್ಲ ಅವರ ಹೊಣೆ. ವಾರಕ್ಕೆ ಇಪ್ಪತ್ತು ಗಂಟೆ ಎಂಬುದು ಕಾಗದದ ಮೇಲಿನ ಸಾಮಾನ್ಯ ಲೆಕ್ಕ. ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ತರಗತಿಗಳು ನಡೆಯುವ ಅವಧಿಯಲ್ಲಿ ಅದಕ್ಕಿಂತ ಹೆಚ್ಚು ದುಡಿಯಲು ಅವರ ವೀಸಾ ನಿಯಮವೂ ಬಿಡುವುದಿಲ್ಲ. ಭಾರತದಿಂದ, ನಮ್ಮ ಕರ್ನಾಟಕದಿಂದಲೂ, ಉನ್ನತ ವ್ಯಾಸಂಗಕ್ಕೆ ಹೋದ ಎಷ್ಟೋ ಮಂದಿ ಇಂಥ ಸಹಾಯಕರಾಗಿ ದುಡಿದಿದ್ದಾರೆ.

ಇವರ ಸ್ಥಿತಿಯಲ್ಲಿ ಒಂದು ವಿಶೇಷ ತೊಡಕಿದೆ. ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರೇ ಹಲವು ಸಲ ಕೆಲಸವನ್ನು ಹಂಚುವ ಮೇಲಧಿಕಾರಿಯೂ ಆಗಿರುತ್ತಾರೆ. ನಾಳೆ ಉದ್ಯೋಗಕ್ಕೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ. ಇಪ್ಪತ್ತು ಗಂಟೆಯ ಕೆಲಸ ಮೂವತ್ತೈದಕ್ಕೆ ಏರಿದರೆ ಯಾರ ಬಳಿ ಹೇಳಿಕೊಳ್ಳುವುದು? ಕೆಲಸದ ಬಗ್ಗೆ ದೂರಿದರೆ ವಿದ್ಯೆಗೆ ಕುತ್ತು. ವಿದ್ಯೆ ನಿಂತರೆ ಹೊರದೇಶದ ವಿದ್ಯಾರ್ಥಿಗೆ ಆ ನೆಲದಲ್ಲಿ ಉಳಿಯುವ ಹಕ್ಕಿಗೂ ಕುತ್ತು. ಪ್ರಾಧ್ಯಾಪಕರು ಸಜ್ಜನರಾಗಿದ್ದರೆ ತೊಂದರೆಯಿಲ್ಲ, ಬಹುಮಂದಿ ಸಜ್ಜನರೇ. ಆದರೆ ನ್ಯಾಯವು ಒಬ್ಬರ ಒಳ್ಳೆಯತನದ ಮೇಲೆ ಮಾತ್ರ ನಿಂತಿರುವಾಗ ಅದನ್ನು ನ್ಯಾಯವೆಂದು ಕರೆಯುವುದು ಕಷ್ಟ. ಅದು ಕೃಪೆ.

ಕಾನೂನು ನಡೆದು ಬಂದ ದಾರಿ

ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಆಯಾ ರಾಜ್ಯದ ಕಾನೂನಿಗೆ ಒಳಪಟ್ಟಿವೆ. ಅಲ್ಲಿ ಈ ಚಳವಳಿ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ ಬೋಧನಾ ಸಹಾಯಕರ ಸಂಘವು 1970ರಲ್ಲಿಯೇ ಒಪ್ಪಂದ ಮಾಡಿಕೊಂಡಿತು. 2022ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಶೈಕ್ಷಣಿಕ ಕೆಲಸಗಾರರು ಮುಷ್ಕರಕ್ಕೆ ಇಳಿದಾಗ ಈ ವಿಷಯ ಜಗತ್ತಿನ ಗಮನ ಸೆಳೆಯಿತು.

ಖಾಸಗಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದು 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯಿದೆ. ಈ ಕಾಯಿದೆಯನ್ನು ನಡೆಸುವ ಮಂಡಳಿಯು ಸಹಾಯಕ ವಿದ್ಯಾರ್ಥಿಗಳ ವಿಷಯದಲ್ಲಿ ಹಲವು ಸಲ ನಿಲುವು ಬದಲಾಯಿಸಿದೆ. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರು ನೌಕರರು ಎಂದಿತು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಇವರು ಪ್ರಧಾನವಾಗಿ ವಿದ್ಯಾರ್ಥಿಗಳು, ನೌಕರರಲ್ಲ ಎಂದಿತು. 2016ರ ಆಗಸ್ಟ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ತಿರುಗಿ, ಒಬ್ಬ ವ್ಯಕ್ತಿಯು ಒಂದೇ ಸಂಸ್ಥೆಯಲ್ಲಿ ವಿದ್ಯಾರ್ಥಿಯೂ ನೌಕರನೂ ಆಗಿರಬಹುದು, ಒಂದು ಸಂಬಂಧವಿದೆಯೆಂಬ ಕಾರಣಕ್ಕೆ ಇನ್ನೊಂದು ಇಲ್ಲವಾಗುವುದಿಲ್ಲ ಎಂದು ತೀರ್ಮಾನಿಸಿತು.

ಇದು ಕಾನೂನಿನ ಸೂಕ್ಷ್ಮವಾಗಿ ಕಂಡರೂ ದೈವಶಾಸ್ತ್ರ ಓದಿದವರಿಗೆ ಪರಿಚಿತವಾದ ತರ್ಕವೇ. ಇದೋ ಅದೋ ಎಂದು ಆರಿಸಲು ಒತ್ತಾಯಿಸುವ ಪ್ರಶ್ನೆಗೆ ಅನೇಕ ಸಲ ಇದೂ ಹೌದು, ಅದೂ ಹೌದು ಎಂಬುದೇ ಸರಿಯಾದ ಉತ್ತರ. ಪ್ರಯೋಗಾಲಯದಲ್ಲಿ ರಾತ್ರಿ ಕಳೆಯುವ ಯುವತಿ ಕಲಿಯುತ್ತಲೂ ಇದ್ದಾಳೆ, ದುಡಿಯುತ್ತಲೂ ಇದ್ದಾಳೆ. ಒಂದನ್ನು ಮುಂದೆ ಮಾಡಿ ಇನ್ನೊಂದನ್ನು ಮರೆಮಾಡುವುದು ಅವಳ ಬದುಕಿನ ಅರ್ಧ ಸತ್ಯವನ್ನು ಮಾತ್ರ ಒಪ್ಪಿಕೊಂಡಂತೆ.

ಮಾತುಕತೆಯ ಮೇಜು

ಸಂಘಕ್ಕೆ ಮಾನ್ಯತೆ ದೊರೆತ ಮೇಲೆ ನಡೆಯುವುದನ್ನು ಸಾಮೂಹಿಕ ಚೌಕಾಶಿ ಎಂದು ಕರೆಯುತ್ತಾರೆ. ಚೌಕಾಶಿ ಎಂದೊಡನೆ ಸಂತೆಯ ಗದ್ದಲ ನೆನಪಾಗಬಹುದು. ವಾಸ್ತವದಲ್ಲಿ ಇದು ನಿಧಾನವಾದ, ಶಿಸ್ತಿನ, ಬಹುಪಾಲು ಬೇಸರದ ಕೆಲಸ. ಮೊದಲು ಸಂಘವು ತನ್ನ ಸದಸ್ಯರಿಂದ ಅವರ ಅಗತ್ಯಗಳನ್ನು ತಿಳಿದುಕೊಳ್ಳುತ್ತದೆ. ಸದಸ್ಯರೇ ಚುನಾಯಿಸಿದ ಸಮಿತಿ ಒಂದು ಕಡೆ, ವಿಶ್ವವಿದ್ಯಾಲಯದ ಪ್ರತಿನಿಧಿಗಳೂ ವಕೀಲರೂ ಇನ್ನೊಂದು ಕಡೆ ಕುಳಿತುಕೊಳ್ಳುತ್ತಾರೆ. ಎಷ್ಟು ದಿನಕ್ಕೊಮ್ಮೆ ಸೇರಬೇಕು, ಯಾರು ಹಾಜರಿರಬಹುದು, ಹೊರಗೆ ಏನು ಹೇಳಬಹುದು ಎಂಬ ನಿಯಮಗಳನ್ನು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ.

ಅನಂತರ ಒಂದೊಂದು ವಿಧಿಯ ಕರಡನ್ನು ಒಂದು ಕಡೆಯವರು ಮಂಡಿಸುತ್ತಾರೆ, ಮತ್ತೊಂದು ಕಡೆಯವರು ತಿದ್ದಿ ಮರಳಿಸುತ್ತಾರೆ. ನೇಮಕಾತಿ ಪತ್ರ ಯಾವಾಗ ಕೈಸೇರಬೇಕು, ಕಿರುಕುಳದ ದೂರನ್ನು ಯಾರು ವಿಚಾರಿಸಬೇಕು, ಹೆರಿಗೆಗೆ ಮತ್ತು ಕಾಯಿಲೆಗೆ ರಜೆ ಎಷ್ಟು ಎಂಬಂಥ ಹಣಕ್ಕೆ ನೇರವಾಗಿ ತಾಗದ ವಿಧಿಗಳು ಸಾಮಾನ್ಯವಾಗಿ ಮೊದಲು ಬರುತ್ತವೆ. ಸ್ಟೈಪೆಂಡ್, ಆರೋಗ್ಯ ವಿಮೆ ಮುಂತಾದವು ಕೊನೆಗೆ ಉಳಿಯುತ್ತವೆ. ಒಪ್ಪಿಗೆಯಾದ ವಿಧಿಗೆ ತಾತ್ಕಾಲಿಕವಾಗಿ ಸಹಿ ಬೀಳುತ್ತದೆ. ಎಲ್ಲ ವಿಧಿಗಳೂ ಸೇರಿ ಒಪ್ಪಂದವಾದ ಮೇಲೆ ಸದಸ್ಯರೆಲ್ಲರ ಮತಕ್ಕೆ ಹೋಗುತ್ತದೆ. ಯಾರಿಗೆ ಪ್ರವೇಶ ಕೊಡಬೇಕು, ಏನನ್ನು ಕಲಿಸಬೇಕು, ಪ್ರಬಂಧ ಯೋಗ್ಯವೇ ಎಂಬ ಶೈಕ್ಷಣಿಕ ತೀರ್ಮಾನಗಳನ್ನು ವಿಶ್ವವಿದ್ಯಾಲಯಗಳು ಆಡಳಿತದ ಹಕ್ಕುಗಳ ವಿಧಿಯಡಿ ತಮ್ಮಲ್ಲಿಯೇ ಉಳಿಸಿಕೊಳ್ಳುತ್ತವೆ. ಪ್ರತಿಯಾಗಿ ಅಹವಾಲುಗಳ ವಿಧಿ ಬರುತ್ತದೆ. ಒಪ್ಪಂದ ಮುರಿಯಿತೆಂಬ ದೂರನ್ನು ಮೆಟ್ಟಿಲು ಮೆಟ್ಟಿಲಾಗಿ ವಿಚಾರಿಸಿ, ಕೊನೆಗೆ ಇಬ್ಬರಿಗೂ ಸೇರದ ಒಬ್ಬ ಪಂಚರ ಮುಂದೆ ಇಡುವ ಏರ್ಪಾಡು ಅದು. ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಮುಷ್ಕರ ಹೂಡುವುದಿಲ್ಲ ಎಂದು ಸಂಘವೂ ಸಾಮಾನ್ಯವಾಗಿ ಮಾತು ಕೊಡುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎರಡೂ ಕಡೆಯವರು ಸದ್ಭಾವನೆಯಿಂದ ಮಾತನಾಡಬೇಕೆಂದು ಅಮೆರಿಕದ ಕಾನೂನು ವಿಧಿಸುತ್ತದೆ. ಇಂಥದಕ್ಕೆ ಒಪ್ಪಲೇಬೇಕೆಂದು ವಿಧಿಸುವುದಿಲ್ಲ. ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಆದರೆ ಎದುರಿಗಿರುವವರನ್ನು ಮಾತಿಗೆ ಅರ್ಹರೆಂದು ಒಪ್ಪಿಕೊಳ್ಳಬೇಕು, ಲೆಕ್ಕಪತ್ರ ತೆರೆದಿಟ್ಟು ಕಾರಣ ಹೇಳಬೇಕಾದಲ್ಲಿ ಹೇಳಬೇಕು. ಸಂಸ್ಥೆಗಳಿಗೆ ಬಹಳ ಸಲ ಹಣಕ್ಕಿಂತ ಕಷ್ಟವೆನಿಸುವುದು ಇದೇ.

ಮೂರು ವಿಶ್ವವಿದ್ಯಾಲಯಗಳು

ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ 2017ರ ಆರಂಭದಲ್ಲಿ ಸಹಾಯಕ ವಿದ್ಯಾರ್ಥಿಗಳು 71ಕ್ಕೆ 49 ಮತಗಳಿಂದ ಸಂಘದ ಪರ ನಿಂತರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ಕಾಲೇಜಿನಲ್ಲಿ 270 ಮತಗಳು ಪರವಾಗಿಯೂ 224 ವಿರುದ್ಧವಾಗಿಯೂ ಬಿದ್ದವು. ಎರಡೂ ಕಡೆಗಳಲ್ಲಿ ಆಡಳಿತವು ಮಾತುಕತೆಗೆ ನಿರಾಕರಿಸಿತು. ಇವರು ಮೂಲತಃ ವಿದ್ಯಾರ್ಥಿಗಳು ಎಂಬುದು ಒಂದು ವಾದ. ಧಾರ್ಮಿಕ ಸಂಸ್ಥೆಯ ಮೇಲೆ ಸರ್ಕಾರಿ ಮಂಡಳಿಗೆ ಅಧಿಕಾರವಿಲ್ಲ ಎಂಬುದು ಇನ್ನೊಂದು. ಅಷ್ಟರಲ್ಲಿ ಅಮೆರಿಕದ ಸರ್ಕಾರ ಬದಲಾಗಿ, ಮಂಡಳಿಯ ಸದಸ್ಯರೂ ಬದಲಾಗಿದ್ದರು. ಪ್ರಕರಣ ಮುಂದುವರಿದರೆ 2016ರ ತೀರ್ಮಾನವೇ ರದ್ದಾದೀತು ಎಂಬ ಭಯದಿಂದ ಬಾಸ್ಟನ್ ಕಾಲೇಜಿನ ಸಂಘವು 2018ರಲ್ಲಿ ತನ್ನ ಅರ್ಜಿಯನ್ನು ಹಿಂದೆಗೆದುಕೊಂಡಿತು.

ಜಾರ್ಜ್‌ಟೌನ್ ಕೂಡ ಮೊದಲಿಗೆ ಒಪ್ಪಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಅದು ಸಂಘಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಆದರೆ 2005ರಿಂದಲೇ ಆ ವಿಶ್ವವಿದ್ಯಾಲಯದಲ್ಲಿ ನ್ಯಾಯಯುತ ಉದ್ಯೋಗ ನೀತಿಯೊಂದು ಜಾರಿಯಲ್ಲಿತ್ತು. ಆವರಣದಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಕೆಲಸಗಾರರಿಗೆ ಬದುಕಲು ಸಾಲುವಷ್ಟು ಕೂಲಿ ದೊರೆಯಬೇಕೆಂದು ಆ ವರ್ಷ ವಿದ್ಯಾರ್ಥಿಗಳು ಉಪವಾಸ ಮುಷ್ಕರ ಕೈಗೊಂಡ ನಂತರ ಬಂದ ನೀತಿಯದು. 2018ರ ವಸಂತದಲ್ಲಿ ಆಡಳಿತವು ಒಂದು ಮಧ್ಯದ ದಾರಿಗೆ ಒಪ್ಪಿತು. ಸರ್ಕಾರಿ ಮಂಡಳಿಯ ಬದಲು ಅಮೆರಿಕನ್ ಆರ್ಬಿಟ್ರೇಷನ್ ಅಸೋಸಿಯೇಷನ್ ಎಂಬ ಸ್ವತಂತ್ರ ಸಂಸ್ಥೆ ಮತದಾನ ನಡೆಸಲಿ, ಫಲಿತಾಂಶವನ್ನು ತಾನು ಗೌರವಿಸುವೆ ಎಂದಿತು. ಅದರಂತೆಯೇ ಮತದಾನ ನಡೆಯಿತು, ಮೇಜು ಸಿದ್ಧವಾಯಿತು, ಕೋವಿಡ್ ಮಹಾಮಾರಿಯ ಮೊದಲ ತಿಂಗಳುಗಳಲ್ಲಿಯೇ ಒಪ್ಪಂದ ಪೂರ್ಣಗೊಂಡಿತು.

ರಕ್ಷಣೆಯೂ ಹೊಣೆಯೂ

ನಿರಾಕರಿಸಿದವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. 1979ರಲ್ಲಿ ಷಿಕಾಗೋದ ಕಥೋಲಿಕ ಧರ್ಮಾಧ್ಯಕ್ಷರ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ, ಧರ್ಮಸಭೆ ನಡೆಸುವ ಶಾಲೆಗಳ ಶಿಕ್ಷಕರ ಮೇಲೆ ಕಾರ್ಮಿಕ ಮಂಡಳಿಗೆ ಅಧಿಕಾರವಿಲ್ಲ ಎಂದಿತು. ಶಾಲೆಯ ಧಾರ್ಮಿಕ ಧ್ಯೇಯವನ್ನು ಸರ್ಕಾರದ ಅಧಿಕಾರಿಯೊಬ್ಬರು ಅಳೆದು ನೋಡುವ ಸಂದರ್ಭವೇ ಬರಬಾರದೆಂಬುದು ಅದರ ಹಿಂದಿನ ಕಾಳಜಿ. ಆ ಕಾಳಜಿ ಸರಿಯಾದುದೇ. ಯಾವುದು ಕಥೋಲಿಕ, ಯಾವುದು ಅಲ್ಲ ಎಂದು ನಿರ್ಣಯಿಸುವ ಕೆಲಸವನ್ನು ಸರ್ಕಾರದ ಕೈಗೆ ಕೊಡಲು ನಾವಾರೂ ಬಯಸುವುದಿಲ್ಲ.

ಆದರೆ ಆ ತೀರ್ಪು ಹೇಳಿದ್ದು ಎಷ್ಟು? ಸರ್ಕಾರವು ಬಲವಂತ ಮಾಡಲಾರದು ಎಂದಷ್ಟೇ. ಧರ್ಮಸಭೆಯ ಸಂಸ್ಥೆಯೊಂದು ತಾನಾಗಿ ತನ್ನ ಕೆಲಸಗಾರರ ಸಂಘವನ್ನು ಮಾನ್ಯ ಮಾಡುವುದನ್ನು ಅದು ತಡೆಯಲಿಲ್ಲ. ಇಲ್ಲಿಯೇ ಜಾರ್ಜ್‌ಟೌನ್ ಆಯ್ದುಕೊಂಡ ದಾರಿಯ ಅರ್ಥ ತಿಳಿಯುತ್ತದೆ. ಮತದಾನವನ್ನು ಸರ್ಕಾರಿ ಮಂಡಳಿಯ ಹೊರಗೆ ನಡೆಸಿದ್ದರಿಂದ ಸಂಸ್ಥೆಯ ಧಾರ್ಮಿಕ ಸ್ವಾತಂತ್ರ್ಯಕ್ಕೆ ಚ್ಯುತಿ ಬರಲಿಲ್ಲ. ಕೆಲಸಗಾರರ ಸಂಘಟನೆಯ ಹಕ್ಕಿಗೂ ಬರಲಿಲ್ಲ. ಎರಡರಲ್ಲಿ ಒಂದನ್ನು ಬಲಿಕೊಡಬೇಕೆಂಬ ಮಾತು ನಿಜವಲ್ಲವೆಂದು ಆ ಒಂದು ಉದಾಹರಣೆ ತೋರಿಸಿಕೊಟ್ಟಿತು.

ಬಲವಂತದಿಂದ ಬಿಡುಗಡೆ ಪಡೆದವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಸಂತ ಪೌಲನು ಗಲಾತ್ಯದವರಿಗೆ ಸ್ವಾತಂತ್ರ್ಯದ ಕುರಿತು ಬರೆದಾಗಲೂ ಅದನ್ನು ಸ್ವಾರ್ಥಕ್ಕೆ ನೆಪವಾಗಿಸಿಕೊಳ್ಳಬಾರದೆಂದು ಒಡನೆಯೇ ಎಚ್ಚರಿಸಿದನು. ಧಾರ್ಮಿಕ ಸ್ವಾತಂತ್ರ್ಯವಿರುವುದು ನಮ್ಮ ಬೋಧನೆಯಂತೆ ಬಾಳಲು. ಆ ಬೋಧನೆಯಿಂದಲೇ ತಪ್ಪಿಸಿಕೊಳ್ಳಲು ಅದನ್ನು ಗುರಾಣಿಯಾಗಿ ಹಿಡಿದರೆ, ಗುರಾಣಿಯ ಹಿಂದೆ ಕಾಯಬೇಕಾದದ್ದೇ ಉಳಿದಿರುವುದಿಲ್ಲ.

ಧರ್ಮಸಭೆ ಹೇಳಿರುವುದು

ಆ ಬೋಧನೆ ಏನೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1891ರ ಮೇ 15ರಂದು ಹೊರಬಂದ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಹದಿಮೂರನೇ ಲಿಯೋ ಅವರು ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ನಿಸರ್ಗದತ್ತ ಹಕ್ಕೆಂದು ಬೋಧಿಸಿದರು. ಕೂಲಿಯ ಬಗ್ಗೆ ಇಬ್ಬರೂ ಒಪ್ಪಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ, ಕೆಲಸಗಾರನ ಜೀವನಕ್ಕೆ ಅದು ಸಾಲುವಂತಿರಬೇಕು ಎಂದೂ ಹೇಳಿದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು 'ಗೌದಿಯುಂ ಎತ್ ಸ್ಪೆಸ್' ಸಂವಿಧಾನದ 68ನೆಯ ಪರಿಚ್ಛೇದದಲ್ಲಿ ಈ ಹಕ್ಕನ್ನು ಮಾನವನ ಮೂಲ ಹಕ್ಕುಗಳ ಸಾಲಿಗೆ ಸೇರಿಸಿತು. 1981ರ 'ಲಬೋರೆಂ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಎರಡನೇ ಜಾನ್ ಪೌಲರು ಬಂಡವಾಳಕ್ಕಿಂತ ಶ್ರಮಕ್ಕೆ ಆದ್ಯತೆಯಿದೆಯೆಂದರು. ಬೌದ್ಧಿಕ ಕೆಲಸ ಮಾಡುವವರೂ ಶ್ರಮಿಕರೇ ಎಂದು ಅಲ್ಲಿ ಸ್ಪಷ್ಟವಾಗಿದೆ. 2025ರಲ್ಲಿ ಪೋಪ್ ಆಗಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡುದಕ್ಕೆ 'ರೇರುಂ ನೊವಾರುಂ' ಬರೆದ ಪೋಪರ ನೆನಪೇ ಮುಖ್ಯ ಕಾರಣವೆಂದು ತಿಳಿಸಿದ್ದಾರೆ.

ಇವೆಲ್ಲ ಹೊರಗಿನ ಕಾರ್ಖಾನೆಗಳ ಮಾಲೀಕರಿಗೆ ಹೇಳಿದ್ದು ಎಂದುಕೊಳ್ಳಲೂ ಅವಕಾಶವಿಲ್ಲ. ಲೋಕಕ್ಕೆ ನ್ಯಾಯವನ್ನು ಬೋಧಿಸುವವರು ಮೊದಲು ತಾವೇ ನ್ಯಾಯವಂತರಾಗಿ ಕಾಣಬೇಕೆಂದು 1971ರ ಧರ್ಮಾಧ್ಯಕ್ಷರ ಸಿನೊಡ್ ನೆನಪಿಸಿತು. ಅಮೆರಿಕದ ಧರ್ಮಾಧ್ಯಕ್ಷರು 1986ರ ತಮ್ಮ ಆರ್ಥಿಕ ನ್ಯಾಯದ ಪತ್ರದಲ್ಲಿ, ನೌಕರರ ಸಂಘಟನೆಯ ಮತ್ತು ಸಾಮೂಹಿಕ ಚೌಕಾಶಿಯ ಹಕ್ಕನ್ನು ಧರ್ಮಸಭೆಯ ಎಲ್ಲ ಸಂಸ್ಥೆಗಳೂ ಪೂರ್ಣವಾಗಿ ಮಾನ್ಯ ಮಾಡಬೇಕೆಂದರು. 1983ರ ಕ್ಯಾನನ್ ಕಾನೂನಿನ 1286ನೆಯ ವಿಧಿಯು ಧರ್ಮಸಭೆಯ ಸ್ವತ್ತಿನ ಆಡಳಿತಗಾರರಿಗೆ ಎರಡು ಕಟ್ಟಳೆಗಳನ್ನು ಹಾಕುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಧರ್ಮಸಭೆಯ ತತ್ವಗಳಿಗೆ ಅನುಗುಣವಾಗಿ ನಾಗರಿಕ ಕಾರ್ಮಿಕ ಕಾನೂನುಗಳನ್ನೂ ಜಾಗರೂಕತೆಯಿಂದ ಪಾಲಿಸಬೇಕು. ಒಪ್ಪಂದದ ಮೇಲೆ ದುಡಿಯುವವರಿಗೆ ಅವರ ಮತ್ತು ಅವರ ಕುಟುಂಬದ ಅಗತ್ಯಗಳಿಗೆ ಸಾಕಾಗುವ ನ್ಯಾಯವಾದ ಸಂಬಳ ಕೊಡಬೇಕು. ಇದು ಸಲಹೆಯಲ್ಲ, ವಿಧಿ.

ಲಾಬಾನನ ಮನೆಯಲ್ಲಿ ಯಕೋಬ

ಆದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ಗುರುಶಿಷ್ಯರ ನಡುವೆ ಕರಾರುಪತ್ರವೇ? ಗುರುವಿನ ಮನೆಯಲ್ಲಿ ಸೇವೆ ಮಾಡುತ್ತ ವಿದ್ಯೆ ಕಲಿಯುವ ಆದರ್ಶ ನಮ್ಮ ನೆಲದಲ್ಲಿ ಬೇರೂರಿದೆ. ಗುರುಮಠವೆಂಬ ನಮ್ಮ ಹೆಸರಿನಲ್ಲಿಯೂ ಅದರ ನೆರಳಿದೆ. ಪ್ರೀತಿಯಿರುವಲ್ಲಿ ಪತ್ರವೇಕೆ ಎಂಬುದು ಸಹಜವಾದ ಪ್ರಶ್ನೆ. ಅಮೆರಿಕದ ವಿಶ್ವವಿದ್ಯಾಲಯಗಳ ಆಡಳಿತಗಳು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಾವೊಂದು ವಿದ್ವತ್ ಕುಟುಂಬ, ನಡುವೆ ಹೊರಗಿನ ಸಂಘವೇಕೆ ಎಂಬುದು ಅವರ ಮಾತಿನ ಧಾಟಿ.

ಇದಕ್ಕೆ ಉತ್ತರವಾಗಿ ನಾವು ಆದಿಕಾಂಡದ 29ರಿಂದ 31ನೆಯ ಅಧ್ಯಾಯಗಳನ್ನು ಓದಬೇಕು. ಲಾಬಾನನು ಯಕೋಬನ ಸೋದರಮಾವ, ಬಳಿಕ ಹೆಣ್ಣು ಕೊಟ್ಟ ಮಾವನೂ ಆದವನು. ಕಥೆಯ ಆರಂಭದಲ್ಲಿ ಅವನೇ ಸರಿಯಾದ ಪ್ರಶ್ನೆ ಕೇಳುತ್ತಾನೆ: ನೆಂಟನೆಂಬ ಕಾರಣಕ್ಕೆ ಬಿಟ್ಟಿ ದುಡಿಯುವುದು ಸರಿಯೇ, ನಿನ್ನ ಸಂಬಳವೇನು ಹೇಳು ಎನ್ನುತ್ತಾನೆ. ಆ ಮಾತಿನಂತೆ ಅವನು ನಡೆದುಕೊಳ್ಳಲಿಲ್ಲ. ರಾಖೇಲಳಿಗಾಗಿ ಏಳು ವರ್ಷ ದುಡಿದವನಿಗೆ ಲೇಯಳನ್ನು ಕೊಟ್ಟನು. ಚುಕ್ಕೆಯುಳ್ಳ ಆಡುಕುರಿಗಳು ನಿನ್ನವೆಂದು ಒಪ್ಪಿದ ದಿನವೇ ಅವನ್ನು ಬೇರ್ಪಡಿಸಿ ತನ್ನ ಮಕ್ಕಳ ವಶಕ್ಕೆ ಕೊಟ್ಟನು. ಹಗಲಿನ ಬಿಸಿಲಿಗೂ ಇರುಳಿನ ಚಳಿಗೂ ಮೈಯೊಡ್ಡಿ ಇಪ್ಪತ್ತು ವರ್ಷ ಮಂದೆ ಕಾಯ್ದವನ ಸಂಬಳವನ್ನು ಹತ್ತು ಸಲ ಬದಲಾಯಿಸಿದನು. ಕೊನೆಗೆ ಯಕೋಬನು ಓಡಿಹೋಗಿ ಸಿಕ್ಕಿಬಿದ್ದಾಗ ಲಾಬಾನನು ಆಡಿದ್ದೂ ಕುಟುಂಬದ ಮಾತನ್ನೇ: ಇವರು ನನ್ನ ಹೆಣ್ಣುಮಕ್ಕಳು, ಇವು ನನ್ನ ಮಂದೆಗಳು. ನೆಂಟಸ್ತಿಕೆಯ ಭಾಷೆಯೇ ಅಲ್ಲಿ ಶೋಷಣೆಗೆ ಹೊದಿಕೆಯಾಯಿತು.

ಕಥೆ ಮುಗಿಯುವುದು ಹೇಗೆ? ಇಬ್ಬರೂ ಕಲ್ಲುಗಳನ್ನು ಕೂಡಿಸಿ ಗುಡ್ಡೆ ಮಾಡಿ, ದೇವರನ್ನು ಸಾಕ್ಷಿಯಾಗಿಟ್ಟು ಒಡಂಬಡಿಕೆ ಮಾಡಿಕೊಳ್ಳುತ್ತಾರೆ. ಆ ಗುಡ್ಡೆಗೆ ಲಾಬಾನನು ತನ್ನ ಅರಮಾಯ ಭಾಷೆಯಲ್ಲಿ ಒಂದು ಹೆಸರಿಟ್ಟರೆ ಯಕೋಬನು ತನ್ನ ಹೀಬ್ರೂ ಭಾಷೆಯಲ್ಲಿ ಇನ್ನೊಂದು ಹೆಸರಿಡುತ್ತಾನೆ. ಎರಡರ ಅರ್ಥವೂ ಸಾಕ್ಷಿಯ ಗುಡ್ಡೆ ಎಂದೇ. ಇದನ್ನು ಇಬ್ಬರೂ ಹಾನಿಯ ಉದ್ದೇಶದಿಂದ ದಾಟಬಾರದು. ಆಮೇಲೆ ಬಲಿ ಅರ್ಪಿಸುತ್ತಾರೆ, ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮರುದಿನ ಬೆಳಿಗ್ಗೆ ಲಾಬಾನನು ಮಕ್ಕಳು ಮೊಮ್ಮಕ್ಕಳಿಗೆ ಮುದ್ದಿಟ್ಟು, ಹರಸಿ, ಹಿಂದಿರುಗುತ್ತಾನೆ. ಒಡಂಬಡಿಕೆಯು ನೆಂಟಸ್ತಿಕೆಯನ್ನು ಕೊಲ್ಲಲಿಲ್ಲ. ಸಾಯುತ್ತಿದ್ದ ನೆಂಟಸ್ತಿಕೆ ಮತ್ತೆ ಉಸಿರಾಡಿದ್ದು ಅದರಿಂದಲೇ.

ಇಲ್ಲಿ ಬಳಕೆಯಾಗಿರುವ ಹೀಬ್ರೂ ಪದ 'ಬೆರೀತ್'. ಸೀನಾಯಿ ಬೆಟ್ಟದಲ್ಲಿ ದೇವರು ಇಸ್ರಯೇಲರೊಡನೆ ಮಾಡಿದ್ದಕ್ಕೂ ಅದೇ ಪದ. ದೇವರ ಒಡಂಬಡಿಕೆ ಬೇರೆ, ಮನುಷ್ಯರ ಕರಾರು ಬೇರೆ ಎಂದು ಪಾಶ್ಚಾತ್ಯ ದೈವಶಾಸ್ತ್ರಜ್ಞರಲ್ಲಿ ಅನೇಕರು ಗೆರೆ ಎಳೆಯುತ್ತಾರೆ. ಮೊದಲನೆಯದು ಪ್ರೀತಿಯದು, ಎರಡನೆಯದು ಲೆಕ್ಕದ್ದು ಎಂದು ಅವರ ವಿವರಣೆ. ಆ ವ್ಯತ್ಯಾಸದಲ್ಲಿ ಹುರುಳಿದೆ. ದೇವರ ಕೃಪೆಯನ್ನು ನಾವು ಚೌಕಾಶಿ ಮಾಡಿ ಪಡೆಯುವುದಿಲ್ಲ. ಆದರೆ ನಮ್ಮ ಕನ್ನಡ ಇವೆರಡನ್ನೂ ಪೂರ್ತಿ ಬೇರ್ಪಡಿಸಿಲ್ಲ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಬಲಿಪೀಠದ ಬಳಿ ನಾವು ಹೇಳುವ ಪದವನ್ನೇ ಎರಡು ಸಂಸ್ಥೆಗಳು ಕಾಗದಕ್ಕೆ ಸಹಿ ಹಾಕಿದಾಗ ಪತ್ರಿಕೆಗಳು ಬರೆಯುತ್ತವೆ. ಒಡಂಬಡುವುದೆಂದರೆ ಮನಸಾರೆ ಸಮ್ಮತಿಸುವುದು. ಸಮ್ಮತಿ ಕೇಳಬೇಕಾದರೆ ಎದುರಿಗಿರುವವನಿಗೆ ಒಲ್ಲೆ ಎನ್ನುವ ಬಲವೂ ಇರಬೇಕು. ಒಬ್ಬಂಟಿ ವಿದ್ಯಾರ್ಥಿಗೆ ಇಲ್ಲದ ಆ ಬಲವನ್ನು ಸಂಘ ಕೊಡುತ್ತದೆ.

ದ್ರಾಕ್ಷಾತೋಟದ ಕೆಲಸಗಾರರ ಸಾಮತಿಯನ್ನು ಇದಕ್ಕೆ ವಿರುದ್ಧವಾಗಿ ಉಲ್ಲೇಖಿಸುವುದುಂಟು. ಕೊಡುವುದು ಯಜಮಾನನ ಇಷ್ಟ, ಕೇಳುವುದು ಗೊಣಗಾಟ ಎಂಬ ಅರ್ಥದಲ್ಲಿ. ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯವನ್ನು ಗಮನವಿಟ್ಟು ಓದೋಣ. ಯಜಮಾನನು ಬೆಳಗಿನವರೊಡನೆ ದಿನಕ್ಕೊಂದು ದೆನಾರಿಯ ಎಂದು ಮೊದಲು ಒಪ್ಪಂದ ಮಾಡಿಕೊಳ್ಳುತ್ತಾನೆ. ಸಂಜೆ ಅದನ್ನು ಒಂದು ಕಾಸೂ ಕಡಿಮೆಯಿಲ್ಲದೆ ಸಲ್ಲಿಸುತ್ತಾನೆ. ಅವನ ಔದಾರ್ಯವು ಒಪ್ಪಂದವನ್ನು ಮುರಿಯುವುದಿಲ್ಲ, ಅದರ ಮೇಲೆ ಇನ್ನಷ್ಟನ್ನು ಸುರಿಯುತ್ತದೆ. ನ್ಯಾಯದ ಬಾಕಿ ತೀರಿಸದೆ ಕೊಡುವ ದಾನಕ್ಕೆ ಈ ಸಾಮತಿಯಲ್ಲಿ ಆಧಾರವಿಲ್ಲ.

ಸಂಘಕ್ಕೂ ಮಿತಿಯಿದೆ

ಸಂಘಗಳೆಲ್ಲ ಸದಾ ಸರಿ ಎಂಬುದು ಧರ್ಮಸಭೆಯ ಬೋಧನೆಯಲ್ಲ. ಮುಷ್ಕರದ ಹಕ್ಕನ್ನು ಒಪ್ಪುವ 'ಲಬೋರೆಂ ಎಕ್ಸೆರ್ಚೆನ್ಸ್' ಅದನ್ನು ಕೊನೆಯ ಅಸ್ತ್ರವೆಂದೇ ಪರಿಗಣಿಸುತ್ತದೆ. ಸಂಘವು ಒಂದು ಗುಂಪಿನ ಸ್ವಾರ್ಥಕ್ಕೆ ಇಳಿಯಬಾರದು, ರಾಜಕೀಯ ಪಕ್ಷಗಳ ಕೈಗೊಂಬೆಯಾಗಬಾರದು ಎಂದೂ ಎಚ್ಚರಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಬೋಧನಾ ಸಹಾಯಕರು ಮುಷ್ಕರ ಹೂಡಿ ಉತ್ತರಪತ್ರಿಕೆಗಳನ್ನು ತಿದ್ದದೆ ಉಳಿಸಿದರೆ ಮೊದಲು ನೋಯುವವರು ಆಡಳಿತಗಾರರಲ್ಲ, ಪದವಿ ತರಗತಿಯ ಕಿರಿಯ ವಿದ್ಯಾರ್ಥಿಗಳು. ಹೆಚ್ಚಿದ ವೆಚ್ಚದ ಹೊರೆ ಕೊನೆಗೆ ಶುಲ್ಕ ಕಟ್ಟುವ ಬಡ ಕುಟುಂಬಗಳ ಮೇಲೆ ಬೀಳುವ ಸಾಧ್ಯತೆಯನ್ನೂ ಮರೆಯಲಾಗದು. ಇವೆಲ್ಲ ಮೇಜಿನ ಮೇಲೆ ಇಟ್ಟು ಚರ್ಚಿಸಬೇಕಾದ ಸಂಗತಿಗಳು. ಮೇಜನ್ನೇ ಹಾಕದಿರಲು ಇವು ಕಾರಣವಾಗುವುದಿಲ್ಲ. ಅಮೆರಿಕದ ಧರ್ಮಾಧ್ಯಕ್ಷರು, ಕಥೋಲಿಕ ಆರೋಗ್ಯ ಸಂಸ್ಥೆಗಳು ಮತ್ತು ಕಾರ್ಮಿಕ ಸಂಘಗಳು ಸೇರಿ 2009ರಲ್ಲಿ ಆಸ್ಪತ್ರೆಗಳಿಗಾಗಿ ರೂಪಿಸಿದ ಮಾರ್ಗಸೂಚಿಯ ತಿರುಳು ಇಲ್ಲಿಯೂ ಸಲ್ಲುತ್ತದೆ: ಸಂಘ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಕೆಲಸಗಾರರೇ, ಆಡಳಿತವಾಗಲಿ ಸಂಘದ ನಾಯಕರಾಗಲಿ ಅವರನ್ನು ಬೆದರಿಸಬಾರದು, ಸುಳ್ಳು ಹೇಳಬಾರದು.

ನಮ್ಮ ಅಂಗಳದಲ್ಲಿ

ಇದು ನಮಗೆ ಸಂಬಂಧಿಸಿದ್ದೇ? ನಮ್ಮ ದೇಶದ ಕಾನೂನು ಬೇರೆ ದಾರಿಯಲ್ಲಿ ನಡೆದಿದೆ, ಆದರೆ ಪ್ರಶ್ನೆ ಅದೇ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಖ್ಯಾತ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆಗಳೂ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಉದ್ಯಮಗಳೇ ಎಂದಿತು. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಸಂಸ್ಥೆ ಉದ್ಯಮವಾದರೂ ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಸಂವಿಧಾನದ 19ನೆಯ ವಿಧಿ ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. 30ನೆಯ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ ಎಂದು 1958ರಲ್ಲಿಯೇ, ಕೇರಳ ಶಿಕ್ಷಣ ಮಸೂದೆಯ ಸಂದರ್ಭದಲ್ಲಿ, ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಅಮೆರಿಕದ ಧರ್ಮಸಭೆಗೆ 1979ರ ತೀರ್ಪು ಹೇಗೋ ನಮಗೆ 30ನೆಯ ವಿಧಿ ಹಾಗೆ. ಅಮೂಲ್ಯವಾದ ರಕ್ಷಣೆ ಅದು, ಜೊತೆಗೆ ಶೋಧನೆಯೂ ಹೌದು.

ಅನುದಾನವಿಲ್ಲದ ಶಾಲೆಯ ಶಿಕ್ಷಕಿ, ಆಸ್ಪತ್ರೆಯ ದಾದಿ, ಧರ್ಮಕೇಂದ್ರದ ಉಪದೇಶಿ, ಗುರುಮಠದ ಅಡುಗೆಯವರು, ಇವರೆಲ್ಲ ನಮ್ಮೊಡನೆ ಎರಡು ಸಂಬಂಧಗಳಲ್ಲಿ ಬಾಳುತ್ತಿದ್ದಾರೆ. ಹಲವರು ನಮ್ಮ ಕ್ರೈಸ್ತ ಸಹೋದರ ಸಹೋದರಿಯರು, ಧ್ಯೇಯದಲ್ಲಿ ಪಾಲುದಾರರು. ಹಾಗೆಯೇ ನಮ್ಮಿಂದ ಸಂಬಳ ಪಡೆಯುವ ಕೆಲಸಗಾರರು. ಸಂಬಳದ ಮಾತು ಬಂದಾಗ ಸೇವಾ ಮನೋಭಾವವನ್ನು ನೆನಪಿಸುವುದು, ಕೆಲಸದ ಮಾತು ಬಂದಾಗ ನೌಕರಿಯ ಶಿಸ್ತನ್ನು ನೆನ‌ಪಿಸುವುದು ನಮಗೆ ಸುಲಭ. ಲಾಬಾನನಿಗೂ ಅದು ಸುಲಭವಾಗಿತ್ತು.

ಹಾಗಾದರೆ ನಾವು ಮಾಡಬೇಕಾದುದೇನು? ನೇಮಕಾತಿ ಪತ್ರವು ಕೆಲಸ ಆರಂಭವಾಗುವ ಮೊದಲೇ ಕೈಗೆ ಸಿಗಲಿ. ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ಹೇಳುವಾಗ, ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುವುದು ಲೆಕ್ಕದ ತೊಂದರೆಯಷ್ಟೇ ಅಲ್ಲ, ಪಾಪದ ವಿಷಯ. ದೂರು ಕೇಳಲು ಸಂಬಳ ಕೊಡುವವರಲ್ಲದ ಒಬ್ಬರಿರಲಿ. ಕೆಲಸಗಾರರು ಒಟ್ಟಾಗಿ ಬಂದು ಮಾತನಾಡಬೇಕೆಂದಾಗ ಅದನ್ನು ದ್ರೋಹವೆಂದು ಬಗೆಯದಿರೋಣ. ಅವರಲ್ಲಿ ನಾಯಕರಾರೆಂದು ಹುಡುಕುವ ಮೊದಲು ಅವರು ಕೇಳುತ್ತಿರುವುದು ನಿಜವೇ ಎಂದು ವಿಚಾರಿಸೋಣ. ಕೊಡಲಾಗದಿದ್ದರೆ ಏಕೆ ಆಗದೆಂದು ಲೆಕ್ಕ ತೆರೆದು ತೋರಿಸೋಣ. ಹೀಗೆ ತೆರೆದು ತೋರಿಸಲು ಹಿಂಜರಿಕೆಯಾದರೆ, ಆ ಹಿಂಜರಿಕೆಗೆ ಕಾರಣವೇನೆಂದು ಪ್ರಾರ್ಥನೆಯಲ್ಲಿ ನಮ್ಮನ್ನೇ ನಾವು ಕೇಳಿಕೊಳ್ಳೋಣ.

ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಸರ್ವೇಶ್ವರನ ಕಿವಿಯನ್ನು ಮುಟ್ಟುತ್ತದೆ ಎಂದು ಸಂತ ಯಕೋಬನ ಪತ್ರ ಬೋಧಿಸುತ್ತದೆ. ಅಲ್ಲಿಗೆ ಮುಟ್ಟುವ ಮುನ್ನ ಆ ಕೂಗು ನಮ್ಮ ಕಚೇರಿಯ ಬಾಗಿಲನ್ನು ತಟ್ಟುತ್ತದೆ. ಬಾಗಿಲು ತೆರೆದು, ಕುರ್ಚಿ ಎಳೆದು, ಕುಳಿತುಕೊಳ್ಳಿ ಎನ್ನುವುದು ನಮ್ಮ ಗುರುತನಕ್ಕೆ ಹೊರಗಿನ ಕೆಲಸವಲ್ಲ. ನಮಗೆ ಒಪ್ಪಿಸಲಾದ ಸೇವೆಯ ಒಂದು ಭಾಗವೇ ಅದು.